ಸಿಡಿಲಿಗೆ ನ್ಯಾಸ್ ಪೆಟ್ಟಿಗೆ ನಿಂತರೆ: ಒಳಗಿನ ಫೋಟೊ, ಲೆಕ್ಕ, ದಾಖಲೆ ಮರಳಿ ಪಡೆಯುವುದು ಹೇಗೆ?

ಭರಣಿ ಮಳೆಯ ಮೊದಲ ಸಿಡಿಲಿಗೆ ಚಿಕ್ಕಮಗಳೂರಿನ ಆಲ್ದೂರು ಕಡೆಯ ನಮ್ಮ ಮನೆಯಲ್ಲಿ, ಮನೆಮಂದಿಯ ಫೈಲುಗಳನ್ನೆಲ್ಲ ಕೂಡಿಡುವ ನ್ಯಾಸ್ ಪೆಟ್ಟಿಗೆಯ ದೀಪ ಆರಿಹೋಯಿತು. ಅದರಲ್ಲಿ ತಂಗಿಯ ಮದುವೆಯ ವಿಡಿಯೊ ಇತ್ತು, ಮಕ್ಕಳ ಫೋಟೊಗಳಿದ್ದವು, ತೋಟದ ಪಹಣಿ, ಕೂಲಿ ಲೆಕ್ಕದ ಪ್ರತಿಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಮಳೆ ಪುಸ್ತಕಗಳ ಸ್ಕ್ಯಾನ್ ಇತ್ತು. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕಗಳವು. ಮೂಲದಲ್ಲಿ ಮೂರನ್ನು ಆ ವೇಳೆಗಾಗಲೇ ಗೆದ್ದಲು ತಿಂದಿತ್ತು. ಆ ಮೂರು ಪುಸ್ತಕಗಳ ವರ್ಷಗಳಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಂದು ಬಿತ್ತು, ಎಷ್ಟು ಬಿತ್ತು ಎಂಬುದಕ್ಕೆ ಉಳಿದಿದ್ದ ದಾಖಲೆ ಆ ಪೆಟ್ಟಿಗೆ ಒಂದೇ.

ಮರುದಿನ ಪೇಟೆಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಹುಡುಗ ಡಿಸ್ಕ್ ಕಳಚಿ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದ. ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುವ ಕಿಟಕಿ ಪರದೆಯ ಮೇಲೆ ತೆರೆಯಿತು. ಅವನ ಬೆರಳು ಮೌಸ್ ಮೇಲಿತ್ತು. ನಾನು ಕೌಂಟರಿನ ಮೇಲೆ ಬಾಗಿ ಅವನ ಕೈ ಹಿಡಿದೆ. ಒಂದು ಕ್ಲಿಕ್ ಆಗಿದ್ದರೆ ಮುಂದಿನ ಕೆಲಸ ಹತ್ತು ಪಟ್ಟು ಕಷ್ಟವಾಗುತ್ತಿತ್ತು. ಆ ದಿನದಿಂದ ಪರಿಚಿತರ ಮನೆಗಳ ಇಂಥ ಪೆಟ್ಟಿಗೆಗಳನ್ನು ನಾನೇ ಕುಳಿತು ನೋಡಿಕೊಡುತ್ತಿದ್ದೇನೆ. ಸಿಡಿಲಿಗಿಂತ ಹೆಚ್ಚು ದತ್ತಾಂಶ ಹಾಳಾಗುವುದು ಆನಂತರದ ಗಾಬರಿಯ ಗಂಟೆಯಲ್ಲಿ ಎಂಬುದನ್ನು ಅಲ್ಲೆಲ್ಲ ಕಂಡಿದ್ದೇನೆ. ಆದ್ದರಿಂದ ಈ ಲೇಖನ.

ಪೆಟ್ಟಿಗೆ ಬೇರೆ, ಡಿಸ್ಕ್ ಬೇರೆ

ನ್ಯಾಸ್ ಎಂದರೆ ರೂಟರ್‌ಗೆ ಕೇಬಲ್ ಸಿಕ್ಕಿಸಿ ಮನೆಮಂದಿಯೆಲ್ಲ ಬಳಸುವ ಸಂಗ್ರಹ ಪೆಟ್ಟಿಗೆ. ನೋಡಲು ದಪ್ಪ ಹಾರ್ಡ್ ಡಿಸ್ಕಿನಂತಿದ್ದರೂ ಅದು ಒಂದು ಪುಟ್ಟ ಕಂಪ್ಯೂಟರ್. ಸಿನಾಲಜಿ, ಕ್ಯೂನ್ಯಾಪ್, ವೆಸ್ಟರ್ನ್ ಡಿಜಿಟಲ್ ಕಂಪನಿಗಳ ಮನೆಬಳಕೆಯ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಓಡುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ಎರಡು ಅಥವಾ ಹೆಚ್ಚು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವ ರೇಡ್ ವ್ಯವಸ್ಥೆಯೂ ಲಿನಕ್ಸಿನದೇ. ಹಾಗಾಗಿ ಪೆಟ್ಟಿಗೆಯ ಬೋರ್ಡ್ ಸುಟ್ಟುಹೋದರೂ ಒಳಗಿನ ಡಿಸ್ಕನ್ನು ಬೇರೊಂದು ಲಿನಕ್ಸ್ ಕಂಪ್ಯೂಟರ್ ಓದಬಲ್ಲದು. ವಿಂಡೋಸ್‌ಗೆ ಈ ಫೈಲ್ ವ್ಯವಸ್ಥೆ ಅರ್ಥವಾಗುವುದಿಲ್ಲ. ಅರ್ಥವಾಗದ ಡಿಸ್ಕನ್ನು ಅದು ಖಾಲಿ ಎಂದೇ ಭಾವಿಸಿ ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಹೊಸ ನ್ಯಾಸ್ ಪೆಟ್ಟಿಗೆ ತಂದು ಹಳೆಯ ಡಿಸ್ಕ್ ತೂರಿಸಿದರೂ ಅದೇ ಅಪಾಯ. ಇನಿಷಿಯಲೈಸ್, ಫಾರ್ಮ್ಯಾಟ್, ರಿಪೇರ್ ಎಂಬ ಪದಗಳು ಎಲ್ಲಿ ಕಂಡರೂ ಒತ್ತಬೇಡಿ.

ಮೊದಲು ಅಡಾಪ್ಟರ್

ಮತ್ತೆ ಮತ್ತೆ ಆನ್ ಮಾಡಿ ಆಫ್ ಮಾಡಿ ನೋಡುವುದನ್ನು ನಿಲ್ಲಿಸಿ. ಗೋಡೆಯಿಂದ ಪ್ಲಗ್ ಕಿತ್ತು, ಅಡಾಪ್ಟರನ್ನು ಕೈಗೆತ್ತಿಕೊಳ್ಳಿ. ಪದೇ ಪದೇ ಕರೆಂಟ್ ಹೋಗಿ ಬರುವ ನಮ್ಮ ಕಡೆ ಮೊದಲು ಸೋಲುವುದು ಹೆಚ್ಚಾಗಿ ಇದೇ. ಮಲ್ಟಿಮೀಟರಿನಲ್ಲಿ 12 ವೋಲ್ಟ್ ತೋರಿಸಿದ ಮಾತ್ರಕ್ಕೆ ಅಡಾಪ್ಟರ್ ಸರಿಯಿದೆ ಎಂದುಕೊಳ್ಳಬೇಡಿ. ಒಳಗಿನ ಕೆಪಾಸಿಟರ್ ಉಬ್ಬಿದ್ದರೆ ಹೊರೆ ಇಲ್ಲದಾಗ 12 ವೋಲ್ಟ್ ಬರುತ್ತದೆ, ಡಿಸ್ಕ್ ತಿರುಗಲು ಶುರುವಾದ ಕೂಡಲೇ ಕುಸಿಯುತ್ತದೆ.

ಬದಲಿ ಅಡಾಪ್ಟರ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಧನ ಋಣ ಗುರುತು ಹೊಂದಬೇಕು. ಸೆಟ್ ಟಾಪ್ ಬಾಕ್ಸಿನದೋ ರೂಟರಿನದೋ ಅಡಾಪ್ಟರ್ ಸಿಕ್ಕಿಸುವವರಿದ್ದಾರೆ. ಅದೂ 12 ವೋಲ್ಟಿನದೇ ಇರಬಹುದು, ಆದರೆ ಅನೇಕ ಸಲ 1 ಆಂಪಿಯರ್ ಮಾತ್ರ. ಮೂರೂವರೆ ಇಂಚಿನ ಒಂದೇ ಡಿಸ್ಕ್ ತಿರುಗಲು ಶುರುಮಾಡುವಾಗ ಸುಮಾರು 2 ಆಂಪಿಯರ್ ಎಳೆಯಬಹುದು. ಡಿಸ್ಕ್ ಏಳಲು ಹೋಗಿ ಬೀಳುತ್ತದೆ, ನೋಡಿದವರು ಡಿಸ್ಕೇ ಸತ್ತಿತೆಂದು ತಿಳಿಯುತ್ತಾರೆ.

ದೀಪ ಉರಿಯುತ್ತಿದೆ, ಕಂಪ್ಯೂಟರಿನಲ್ಲಿ ಮಾತ್ರ ಪೆಟ್ಟಿಗೆ ಕಾಣುತ್ತಿಲ್ಲ ಎಂದಾದರೆ ಅದು ಬೇರೆ ಕಥೆ. ಸಿಡಿಲಿನ ವಿದ್ಯುತ್ತು ನೆಟ್‌ವರ್ಕ್ ಕೇಬಲ್ ಹಿಡಿದು ಬಂದು ಪೋರ್ಟನ್ನಷ್ಟೇ ಸುಟ್ಟಿರಬಹುದು. ಕೇಬಲ್ ಬದಲಿಸಿ, ರೂಟರಿನ ಬೇರೆ ಪೋರ್ಟಿಗೆ ಹಾಕಿ ನೋಡಿ. ರೂಟರನ್ನೇ ಬದಲಿಸಿದ್ದರೆ ಪೆಟ್ಟಿಗೆಗೆ ಹಿಂದೆ ಕೊಟ್ಟಿದ್ದ ಐಪಿ ವಿಳಾಸ ಹೊಸ ರೂಟರಿನ ಸರಣಿಗೆ ಹೊಂದದಿರಬಹುದು. ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿಲ್ಲ. ಹಳೆಯ ನ್ಯಾಸ್‌ಗಳು ಬಳಸುತ್ತಿದ್ದ ಎಸ್‌ಎಂಬಿ ಎಂಬ ಫೈಲ್ ಹಂಚಿಕೆ ವಿಧಾನದ ಮೊದಲ ಆವೃತ್ತಿಯನ್ನು ವಿಂಡೋಸ್ 10 ತನ್ನ 2017ರ ಕೊನೆಯ ಅಪ್‌ಡೇಟಿನಿಂದ ತಾನಾಗಿ ಅಳವಡಿಸುವುದನ್ನು ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್ ತಂದ ಮನೆಯಲ್ಲಿ ಹಳೆಯ ಪೆಟ್ಟಿಗೆ ಮಾಯವಾಗಲು ಇಷ್ಟೇ ಕಾರಣ ಇರಬಹುದು. ಹಳೆಯ ಲ್ಯಾಪ್‌ಟಾಪಿನಿಂದ ಒಮ್ಮೆ ಪ್ರಯತ್ನಿಸಿ. ಕಂಡರೆ ಮೊದಲು ಎಲ್ಲವನ್ನೂ ನಕಲಿಸಿಕೊಳ್ಳಿ, ಉಳಿದ ರಿಪೇರಿ ಆಮೇಲೆ.

ಡಿಸ್ಕ್ ಹೊರತೆಗೆಯುವಾಗ

ಇದಾವುದೂ ಅಲ್ಲವೆಂದರೆ ಡಿಸ್ಕ್ ಕಳಚಬೇಕು. ಕಳಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಯಾವ ಗೂಡಿನಿಂದ ಯಾವ ಡಿಸ್ಕ್ ಬಂತೆಂದು ಮಾರ್ಕರಿನಲ್ಲಿ 1, 2 ಎಂದು ಬರೆಯಿರಿ, ಸೀರಿಯಲ್ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿ ಈ ಕ್ರಮ ತಪ್ಪಿದರೆ ಮುಂದೆ ತೊಡಕಾಗಬಹುದು. ಮುಟ್ಟುವ ಮೊದಲು ನೆಲಕ್ಕೆ ತಾಗಿದ ಲೋಹವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಆಷಾಢದ ಥಂಡಿಯಲ್ಲಿ ಹೊರಗಿನಿಂದ ತಂದ ಡಿಸ್ಕನ್ನು ಒಲೆಯ ಬಿಸಿಯಿರುವ ಕೋಣೆಯಲ್ಲಿ ಆ ಕ್ಷಣವೇ ಚಾಲೂ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ತೇವ ಕೂರುತ್ತದೆ. ಎರಡು ಮೂರು ಗಂಟೆ ಬಿಡಿ.

ಕಂಪ್ಯೂಟರಿಗೆ ಜೋಡಿಸಲು ಸಾಟಾ–ಯುಎಸ್‌ಬಿ ಡಾಕ್ ಬೇಕು. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಬೇಕೇ ಬೇಕು. ಆದ್ದರಿಂದ ತನ್ನದೇ ಅಡಾಪ್ಟರ್ ಇರುವ ಡಾಕ್ ಕೊಳ್ಳಿ.

ಜೋಡಿಸಿದ ಮೇಲೆ ಮೊದಲ ಹತ್ತು ಸೆಕೆಂಡು ಪರದೆ ನೋಡಬೇಡಿ, ಡಿಸ್ಕಿನ ಸದ್ದು ಕೇಳಿ. ಆರೋಗ್ಯವಾಗಿರುವ ಡಿಸ್ಕ್ ಒಂದೇ ಏರುಶ್ರುತಿಯಲ್ಲಿ ಸುಯ್ಯೆಂದು ವೇಗ ಹಿಡಿದು, ಒಂದೆರಡು ಸಲ ಕರಕರ ಎಂದು ಸುಮ್ಮನಾಗುತ್ತದೆ. ಒಂದೇ ಅಂತರದಲ್ಲಿ ಟಕ್, ಟಕ್, ಟಕ್ ಎಂದು ಬಡಿದರೆ, ಲೋಹ ಉಜ್ಜಿದ ಸದ್ದು ಬಂದರೆ, ತಿರುಗಲು ಹೋಗಿ ಬೀಪ್ ಎಂದು ನರಳಿದರೆ ಕೂಡಲೇ ಕರೆಂಟ್ ತೆಗೆಯಿರಿ. ಒಳಗೆ ಓದುವ ಹೆಡ್ ತಟ್ಟೆಯ ಮೇಲೆ ನ್ಯಾನೊಮೀಟರ್‌ಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ಅದು ತಟ್ಟೆಗೆ ತಾಗುತ್ತಿದ್ದರೆ ಪ್ರತಿ ಸುತ್ತಿಗೂ ಫೋಟೊಗಳು ಪುಡಿಯಾಗಿ ಉದುರುತ್ತಿರುತ್ತವೆ. ಅಂಥ ಡಿಸ್ಕನ್ನು ಫ್ರೀಜರಿನಲ್ಲಿಟ್ಟು ನೋಡುವ ಸಲಹೆ ಇಂದಿಗೂ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತದೆ. ದಯವಿಟ್ಟು ಮಾಡಬೇಡಿ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಸಿರು ಬೋರ್ಡ್ ಕಿತ್ತು ಕೂರಿಸುವುದೂ ಈಚಿನ ಡಿಸ್ಕ್‌ಗಳಲ್ಲಿ ನಡೆಯುವುದಿಲ್ಲ. ಆಯಾ ಡಿಸ್ಕಿಗೇ ಹೊಂದಿಸಿದ ಮಾಹಿತಿ ಆ ಬೋರ್ಡಿನ ಪುಟ್ಟ ಚಿಪ್ಪಿನಲ್ಲಿರುತ್ತದೆ.

ಮೊದಲು ಪೂರ್ತಿ ನಕಲು, ಆಮೇಲೆ ಹುಡುಕಾಟ

ಸದ್ದು ಸರಿಯಿದ್ದರೂ ಫೋಲ್ಡರ್ ತೆರೆದು ಬೇಕಾದ ಫೋಟೊ ಹುಡುಕಲು ಹೋಗಬೇಡಿ. ದುರ್ಬಲ ಡಿಸ್ಕಿನಲ್ಲಿ ಎಷ್ಟು ಓದಲು ಬಾಕಿ ಉಳಿದಿದೆಯೋ ಯಾರಿಗೂ ತಿಳಿಯದು. ಆ ಆಯುಸ್ಸನ್ನು ಡಿಸ್ಕಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದು ಪೂರ್ಣ ಪ್ರತಿ ತೆಗೆಯುವುದಕ್ಕೇ ಖರ್ಚು ಮಾಡಬೇಕು. ಇದಕ್ಕೆ ಉಚಿತವಾಗಿ ಸಿಗುವ ಒಳ್ಳೆಯ ಸಾಧನ ಗ್ನೂ ಯೋಜನೆಯ ಡಿಡಿರೆಸ್ಕ್ಯೂ. ಸಿಸ್ಟಮ್‌ರೆಸ್ಕ್ಯೂ ಎಂಬ ಲೈವ್ ಲಿನಕ್ಸಿನಲ್ಲಿ ಅದು ಮೊದಲೇ ಇರುತ್ತದೆ. ಪೆನ್‌ಡ್ರೈವಿಗೆ ಅದನ್ನು ಇಳಿಸಿ ಕಂಪ್ಯೂಟರನ್ನು ಅದರಿಂದಲೇ ಬೂಟ್ ಮಾಡಿ. ಕಂಪ್ಯೂಟರಿನೊಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಉಬುಂಟು ಬಳಸುವವರು ಪ್ಯಾಕೇಜನ್ನು ಜಿಡಿಡಿರೆಸ್ಕ್ಯೂ ಎಂಬ ಹೆಸರಿನಲ್ಲಿ ಹುಡುಕಬೇಕು.

ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಲು ಸಿಗುವುದನ್ನೆಲ್ಲ ಬಾಚಿಕೊಳ್ಳುತ್ತದೆ. ತೊಡಕಿನ ಜಾಗ ಬಂದರೆ ಅಲ್ಲೇ ಹಟ ಹಿಡಿದು ನಿಲ್ಲದೆ ಹಾರಿ ಮುಂದೆ ಹೋಗುತ್ತದೆ. ಬಿಟ್ಟುಹೋದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ನಮ್ಮಂಥ ಊರಿನವರಿಗೆ ಈ ಮ್ಯಾಪ್ ಫೈಲೇ ದೊಡ್ಡ ಆಸರೆ. ನಡುವೆ ಕರೆಂಟ್ ಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಆದರೆ ಲೈವ್ ಲಿನಕ್ಸಿನ ಡೆಸ್ಕ್‌ಟಾಪ್ ಇರುವುದು ಮೆಮೊರಿಯಲ್ಲಿ. ಅಲ್ಲಿ ಮ್ಯಾಪ್ ಫೈಲ್ ಇಟ್ಟರೆ ಕರೆಂಟಿನ ಜೊತೆಗೆ ಅದೂ ಹೋಗುತ್ತದೆ. ಪ್ರತಿ ಬರೆಯುವ ಹೊಸ ಡಿಸ್ಕಿನಲ್ಲೇ ಅದನ್ನೂ ಇಡಿ. ನಾನು ಮೊದಲ ಸಲ ಈ ತಪ್ಪು ಮಾಡಿ ಒಂಬತ್ತು ಗಂಟೆಯ ಕೆಲಸದ ಲೆಕ್ಕ ಕಳೆದುಕೊಂಡೆ.

ಹೊಸ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಲಿ. ಒಂದೇ ಫೈಲಾಗಿ ಪ್ರತಿ ತೆಗೆಯುವಾಗ 4 ಟಿಬಿ ಡಿಸ್ಕಿನ ಪ್ರತಿ ಇನ್ನೊಂದು 4 ಟಿಬಿ ಡಿಸ್ಕಿನಲ್ಲಿ ಹಿಡಿಸುವುದಿಲ್ಲ. ಆ ಡಿಸ್ಕ್ ಫ್ಯಾಟ್ 32 ಮಾದರಿಯಲ್ಲಿದ್ದರೂ ಆಗದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇಡಲಾಗುವುದಿಲ್ಲ. ಯುಎಸ್‌ಬಿ 3 ಪೋರ್ಟಿನಲ್ಲಿ ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ 4 ಟಿಬಿಗೆ ಸುಮಾರು ಏಳೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಆದರೆ ಒಂದು ಹಗಲು, ಒಂದು ರಾತ್ರಿ ದಾಟುತ್ತದೆ. ಡಿಸ್ಕಿನಲ್ಲಿ ದೋಷವಿದ್ದರೆ ದಿನಗಳೇ ಹಿಡಿಯಬಹುದು. ಕಂಪ್ಯೂಟರನ್ನೂ ಡಾಕನ್ನೂ ಯುಪಿಎಸ್ ಮೇಲೆ ಹಾಕಿ.

ಆಜ್ಞೆ ಬರೆಯುವಾಗ ಉಸಿರು ಬಿಗಿಹಿಡಿದು ಎರಡು ಸಲ ಓದಿ. ಮೊದಲು ಮೂಲ ಡಿಸ್ಕಿನ ಹೆಸರು, ನಂತರ ಪ್ರತಿಯ ಹೆಸರು, ಕೊನೆಗೆ ಮ್ಯಾಪ್ ಫೈಲ್. ಮೊದಲ ಎರಡು ಅದಲು ಬದಲಾದರೆ ಮೂಲವೇ ಅಳಿಸಿಹೋಗಬಹುದು. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಬೂಟ್‌ಗೂ ಬದಲಾಗಬಹುದು. ಅವನ್ನು ನಂಬದೆ, ಬರೆದಿಟ್ಟುಕೊಂಡ ಸೀರಿಯಲ್ ಸಂಖ್ಯೆಗೆ ತಾಳೆ ನೋಡಿ.

ಪ್ರತಿಯಿಂದ ಓದುವುದು

ಪ್ರತಿ ಸಿದ್ಧವಾದ ಮೇಲೆ ಮೂಲ ಡಿಸ್ಕನ್ನು ತೆಗೆದಿಡಿ. ಇನ್ನು ಮುಂದಿನದೆಲ್ಲ ಪ್ರತಿಯ ಮೇಲೆ, ಅದೂ ಓದಲು ಮಾತ್ರ ಎಂಬ ವಿಧಾನದಲ್ಲಿ. ಲಿನಕ್ಸಿನ ಎಂಡಿಆಡ್ಮ್ ಎಂಬ ಸಾಧನ ರೇಡ್‌ನ ಗುರುತುಗಳನ್ನು ಓದುತ್ತದೆ. ಅದರ ಎಗ್ಸಾಮಿನ್ ಆಯ್ಕೆ ಏನನ್ನೂ ಬರೆಯುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ. ಅಸೆಂಬಲ್ ಆಯ್ಕೆ ಡಿಸ್ಕ್‌ಗಳನ್ನು ಜೋಡಿಸುತ್ತದೆ. ಕ್ರಿಯೇಟ್ ಎಂಬ ಮೂರನೆಯದನ್ನು ಮುಟ್ಟಬೇಡಿ, ಅದು ಹಳೆಯ ಗುರುತುಗಳ ಮೇಲೆ ಹೊಸದನ್ನು ಬರೆಯುತ್ತದೆ. ಸಿನಾಲಜಿ ಪೆಟ್ಟಿಗೆಗಳಲ್ಲಿ ರೇಡ್ ಮೇಲೆ ಎಲ್‌ವಿಎಂ ಎಂಬ ಇನ್ನೊಂದು ಪದರ ಇರುವುದುಂಟು, ಅದನ್ನೂ ಎಬ್ಬಿಸಬೇಕು. ತನ್ನ ಡಿಸ್ಕ್‌ಗಳನ್ನು ಉಬುಂಟು ಕಂಪ್ಯೂಟರಿನಲ್ಲಿ ಓದುವ ವಿಧಾನವನ್ನು ಆ ಕಂಪನಿಯೇ ತನ್ನ ತಾಣದಲ್ಲಿ ಕೊಟ್ಟಿದೆ.

ಎಗ್ಸಾಮಿನ್ ತೋರಿಸಿದ್ದನ್ನು ಕಂಡಾಗ ನನ್ನ ಕೈಕಾಲು ತಣ್ಣಗಾಯಿತು. ನಮ್ಮದು ರೇಡ್ 1, ಅಂದರೆ ಎರಡು ಡಿಸ್ಕಿನಲ್ಲೂ ಒಂದೇ ಬರವಣಿಗೆ. ಎರಡನೆಯ ಡಿಸ್ಕಿನಲ್ಲಿ ಒಂದೂ ದೋಷ ಇರಲಿಲ್ಲ. ಅದನ್ನು ನೋಡಿ ಗೆದ್ದೆ ಎಂದುಕೊಂಡಿದ್ದೆ. ಆದರೆ ಅದರ ಅಪ್‌ಡೇಟ್ ಸಮಯ ಹಿಂದಿನ ದೀಪಾವಳಿಯ ಆಸುಪಾಸಿನದು, ರೇಡ್‌ನಲ್ಲಾದ ಬದಲಾವಣೆಗಳನ್ನು ಎಣಿಸುವ ಈವೆಂಟ್ ಸಂಖ್ಯೆಯೂ ಮೊದಲ ಡಿಸ್ಕಿಗಿಂತ ಬಹಳ ಹಿಂದೆ. ಗೂಡಿನ ಸಂಪರ್ಕ ಸಡಿಲವಾಗಿ ಆ ಡಿಸ್ಕ್ ಆರು ತಿಂಗಳ ಹಿಂದೆಯೇ ಜೋಡಿಯಿಂದ ಹೊರಬಿದ್ದಿತ್ತು. ಪೆಟ್ಟಿಗೆಯ ಮುಂದೆ ಹೊತ್ತಿದ್ದ ಕಿತ್ತಳೆ ದೀಪವನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಮಳೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದು ಜನವರಿಯಲ್ಲಿ. ಅವು ಇದ್ದದ್ದು ದೋಷವಿದ್ದ ಮೊದಲ ಡಿಸ್ಕಿನಲ್ಲಿ ಮಾತ್ರ. ಹಾಗಾಗಿ ಎರಡೂ ಡಿಸ್ಕಿನ ಪ್ರತಿ ತೆಗೆಯಿರಿ, ಯಾವುದು ಹೊಸದು ಎಂಬುದನ್ನು ಆ ಎರಡು ಸಾಲುಗಳಲ್ಲಿ ನೋಡಿ ತಿಳಿಯಿರಿ. ಮೂರು, ನಾಲ್ಕು ಡಿಸ್ಕಿನ ರೇಡ್ 5 ಆದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅದು ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ, ಎರಡನ್ನಲ್ಲ. ಹೊಸ ಡಿಸ್ಕ್ ಹಾಕಿ ಮರುಜೋಡಣೆಗೆ ಬಿಟ್ಟರೆ ಉಳಿದ ಹಳೆಯ ಡಿಸ್ಕ್‌ಗಳನ್ನು ಅದು ಗಂಟೆಗಟ್ಟಲೆ ಓದಿಸುತ್ತದೆ, ಆ ಆಯಾಸದಲ್ಲಿ ಇನ್ನೊಂದು ಮಲಗಬಹುದು.

ಒಂದೇ ಡಿಸ್ಕಿನ ಹಳೆಯ ಪೆಟ್ಟಿಗೆಗಳಲ್ಲಿ ಇನ್ನೊಂದು ವಿಚಿತ್ರ ಎದುರಾಗಬಹುದು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ತನ್ನ ಫೈಲ್ ವ್ಯವಸ್ಥೆಯನ್ನು 64 ಕೆಬಿಯ ತುಂಡುಗಳಲ್ಲಿ ಕಟ್ಟಿರುತ್ತದೆ. ಮನೆಯ ಕಂಪ್ಯೂಟರಿನ ಲಿನಕ್ಸ್ ಸಾಮಾನ್ಯವಾಗಿ ಒಪ್ಪುವುದು 4 ಕೆಬಿವರೆಗಿನ ತುಂಡು. ಡಿಸ್ಕ್ ಮೌಂಟ್ ಆಗದೆ, ಅಂದರೆ ತೆರೆದುಕೊಳ್ಳದೆ, ದೋಷ ಸಂದೇಶ ಬಂದರೆ ಡಿಸ್ಕ್ ಕೆಟ್ಟಿದೆ ಎಂದು ಕೈಚೆಲ್ಲಬೇಡಿ. ಡೀಬಗ್‌ಎಫ್‌ಎಸ್ ಅಥವಾ ಫ್ಯೂಸ್ ಎಂಬ ಲಿನಕ್ಸ್ ಸಾಧನಗಳ ಮೂಲಕ ಅದನ್ನು ಓದಬಹುದು. ಗೂಢಲಿಪಿ ಹಾಕಿದ ಫೋಲ್ಡರುಗಳಿದ್ದರೆ ಪಾಸ್‌ವರ್ಡ್ ಅಥವಾ ಕೀ ಫೈಲ್ ಬೇಕೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಫೈಲ್ ವ್ಯವಸ್ಥೆಯೇ ಚಿಂದಿಯಾಗಿದ್ದರೆ ಕೊನೆಯ ಉಪಾಯ ಫೋಟೊರೆಕ್. ಅದು ಚಿತ್ರಗಳನ್ನು ಅವುಗಳ ಒಳಗುರುತಿನಿಂದ ಹೆಕ್ಕಿ ತೆಗೆಯುತ್ತದೆ, ಆದರೆ ಫೈಲಿನ ಹೆಸರಾಗಲೀ ಫೋಲ್ಡರ್ ಆಗಲೀ ಉಳಿಯುವುದಿಲ್ಲ.

ಪ್ರಯೋಗಾಲಯಕ್ಕೆ ಕೊಡಬೇಕಾದಾಗ

ಟಕ್ ಟಕ್ ಸದ್ದಿನ ಡಿಸ್ಕ್, ನೀರು ಹೊಕ್ಕ ಡಿಸ್ಕ್, ತಿರುಗದ ಡಿಸ್ಕ್ ಮನೆಯ ಕೆಲಸವಲ್ಲ. ಧೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಿಸುವವರ ಬಳಿಗೆ, ಅಂದರೆ ಬೆಂಗಳೂರಿಗೆ, ಹೋಗಬೇಕಾಗುತ್ತದೆ. ಡಿಸ್ಕನ್ನು ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಗುಳ್ಳೆ ಹಾಳೆ ಸುತ್ತಿ, ಕೊರಿಯರಿಗೆ ಹಾಕದೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯಿರಿ. ಅಂದಾಜು ವೆಚ್ಚವನ್ನು ಲಿಖಿತವಾಗಿ ಕೇಳಿ. ದತ್ತಾಂಶ ಸಿಗದಿದ್ದರೆ ಎಷ್ಟು ಕೊಡಬೇಕು, ಮೂಲ ಡಿಸ್ಕ್ ಮರಳಿ ಕೊಡುತ್ತಾರೆಯೇ, ಸಿಕ್ಕ ಫೈಲುಗಳ ಪಟ್ಟಿಯನ್ನು ಹಣ ಕಟ್ಟುವ ಮೊದಲು ತೋರಿಸುತ್ತಾರೆಯೇ ಎಂಬುದನ್ನೂ ಕೇಳಿ. ಮೊದಲು ಯಾರ್‍ಯಾರು ಏನೇನು ಮಾಡಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಿ.

ನಮ್ಮ ಮೊದಲ ಡಿಸ್ಕಿನ ನಕಲು ಮೂರನೆಯ ದಿನ ಸಂಜೆ ಮುಗಿಯಿತು. ಓದಲಾಗದೆ ಉಳಿದದ್ದು 36 ಕೆಬಿ. ಫೋಲ್ಡರ್ ಕಂಡಿತೆಂದು ಅಲ್ಲಿಗೇ ಬಿಡದೆ ಫೈಲುಗಳನ್ನು ತೆರೆದು ನೋಡಬೇಕು, ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿ ನೋಡಬೇಕು. ನಾನು ಎರಡು ರಾತ್ರಿ ಕುಳಿತು ನೋಡಿದೆ. ಮದುವೆಯ ವಿಡಿಯೊದಲ್ಲಿ ಧಾರೆಯ ಹೊತ್ತಿಗೆ ಒಂದು ಕ್ಷಣ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಅಷ್ಟೇ. ಮಳೆ ಪುಸ್ತಕಗಳ ಒಂದು ಪುಟವೂ ಹೋಗಿರಲಿಲ್ಲ. ಹಳೆಯ ಎರಡು ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡದೆ, ದಿನಾಂಕ ಬರೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀರುವಿನಲ್ಲಿಟ್ಟಿದ್ದೇನೆ. ಹೊಸ ಪ್ರತಿಗಳಲ್ಲಿ ಒಂದು ಹಾಸನದ ತಂಗಿಯ ಮನೆಯಲ್ಲಿದೆ. ಅದು ಯಾವ ಕೇಬಲಿಗೂ ಸಿಕ್ಕಿಸಿಲ್ಲ. ಪ್ರತಿ ಯುಗಾದಿಗೆ ಅಲ್ಲಿಗೆ ಹೋದಾಗ ಆ ವರ್ಷದ ಮಳೆ ಲೆಕ್ಕ ಅದಕ್ಕೆ ಸೇರುತ್ತದೆ.