ಅಮೆರಿಕದ ಏರ್‌ಪೋರ್ಟ್ ಕೆಲಸಕ್ಕೆ ವಿದೇಶಿ ಸಾಮಾನು: ವಿನಾಯಿತಿ ಕೇಳುವುದು ಹೇಗೆ?

‘ಬಾಕ್ಸ್ ಮೇಲೆ ಮೇಡ್ ಇನ್ ಯುಎಸ್‌ಎ ಅಂತ ಅಚ್ಚು ಹಾಕಿದ್ದಾರಲ್ಲ, ಇನ್ನೇನು ಬೇಕು?’

ಅಮೆರಿಕದ ಏರ್‌ಪೋರ್ಟ್ ಕಂಟ್ರಾಕ್ಟರ್ ಕಚೇರಿಗೆ ಹೊಸದಾಗಿ ಸೇರಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಬೇಕು, ಇನ್ನೂ ಬಹಳ ಬೇಕು. ಆ ಅಚ್ಚಿಗೆ ಅಂಗಡಿಯಲ್ಲಿ ಬೆಲೆ ಇರಬಹುದು, ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಎ ಮುಂದೆ ಅದು ಪುರಾವೆಯೇ ಅಲ್ಲ. ಕೇಂದ್ರ ಸರ್ಕಾರದ ಹಣದಲ್ಲಿ ರನ್‌ವೇ, ಟರ್ಮಿನಲ್ ಕಟ್ಟುವಾಗ ಉಕ್ಕು ಮತ್ತು ತಯಾರಾದ ಸಾಮಾನು ಅಮೆರಿಕದಲ್ಲೇ ಆಗಿರಬೇಕು ಎನ್ನುತ್ತದೆ ಕಾನೂನು. ಆಗದಿದ್ದರೆ ‘ವೇವರ್’ ಅಂದರೆ ವಿನಾಯಿತಿ ಕೇಳಬೇಕು. ಇದು ಕೈಮುಗಿದು ಕೇಳುವ ಕ್ಷಮಾಪಣೆ ಅಲ್ಲ, ಲೆಕ್ಕ ತೋರಿಸಿ ಕೇಳುವ ಅರ್ಜಿ. ಲೆಕ್ಕ ಸರಿಯಿದ್ದರೆ ಅರ್ಧ ಕೆಲಸ ಆದಂತೆ.

ಹಣ ಯಾರದ್ದು ಅಂತ ಮೊದಲು ನೋಡಿ

ನಿಯಮ ಹಣದ ಬಾಲ ಹಿಡಿದುಕೊಂಡು ಬರುತ್ತದೆ. 1982ರಲ್ಲಿ ಶುರುವಾದ ಏರ್‌ಪೋರ್ಟ್ ಇಂಪ್ರೂವ್‌ಮೆಂಟ್ ಪ್ರೋಗ್ರಾಂ, ಎಲ್ಲರೂ ಎಐಪಿ ಅನ್ನುವುದು, ಅದರ ಅನುದಾನ ಬಂದರೆ ನಿಯಮ ಬಂತು. 2021ರ ನವೆಂಬರ್‌ನಲ್ಲಿ ಸಹಿ ಬಿದ್ದ ಮೂಲಸೌಕರ್ಯ ಕಾನೂನು ವಿಮಾನಯಾನಕ್ಕೆ ಐದು ವರ್ಷದಲ್ಲಿ 2,500 ಕೋಟಿ ಡಾಲರ್ ಇಟ್ಟಿತು. ಅದರಲ್ಲಿ 1,500 ಕೋಟಿ ಏರ್‌ಪೋರ್ಟ್ ಕೆಲಸಗಳಿಗೆ, 500 ಕೋಟಿ ಟರ್ಮಿನಲ್‌ಗಳಿಗೆ. ಈ ಎರಡು ಹಣಕ್ಕೂ ಇದೇ ನಿಯಮ. ಟಿಕೆಟ್ ಜೊತೆ ಪ್ರಯಾಣಿಕರಿಂದ 4.50 ಡಾಲರ್ ತನಕ ವಸೂಲು ಮಾಡುವ ಪಿಎಫ್‌ಸಿ ಶುಲ್ಕ ಇದೆಯಲ್ಲ, ಬರೀ ಅದರಿಂದಲೇ ಕಟ್ಟುವ ಕೆಲಸಕ್ಕೆ ಈ ಕಾಟ ಇಲ್ಲ. ಆದರೆ ಒಂದೇ ಕೆಲಸಕ್ಕೆ ಎರಡೂ ಹಣ ಬೆರೆತರೆ ಇಡೀ ಕೆಲಸಕ್ಕೆ ನಿಯಮ ಅನ್ವಯಿಸುತ್ತದೆ.

ಹೆಸರಿನ ಗೊಂದಲ ಒಂದಿದೆ. 1933ರ ‘ಬೈ ಅಮೆರಿಕನ್ ಆಕ್ಟ್’ ಸರ್ಕಾರ ತಾನೇ ನೇರವಾಗಿ ಕೊಳ್ಳುವ ಸಾಮಾನಿಗೆ. ಹೆದ್ದಾರಿ, ರೈಲು ಕೆಲಸದವರದು ‘ಬೈ ಅಮೆರಿಕ’. ಏರ್‌ಪೋರ್ಟಿನದು ‘ಬೈ ಅಮೆರಿಕನ್ ಪ್ರಿಫರೆನ್ಸಸ್’, ಅಮೆರಿಕದ ಕಾನೂನು ಸಂಹಿತೆಯ 49ನೇ ಭಾಗದ 50101ನೇ ಸೆಕ್ಷನ್. ಇದರ ಮೇಲೆ 2021ರಲ್ಲಿ ಬಂದ ‘ಬಿಲ್ಡ್ ಅಮೆರಿಕ, ಬೈ ಅಮೆರಿಕ’ ಬೇರೆ ಕೂತಿದೆ. ಯಾರಾದರೂ ಫೋನಿನಲ್ಲಿ ‘ಅದೇ ಬೈ ಅಮೆರಿಕ ರೂಲು’ ಅಂದರೆ, ಯಾವುದು ಅಂತ ಸೆಕ್ಷನ್ ನಂಬರ್ ಕೇಳಿ. ನಾಚಿಕೆ ಬೇಡ.

ಸಾಮಾನನ್ನು ಗುಂಪು ಮಾಡಿ

ಇಲ್ಲಿ ಎಡವಿದರೆ ಮುಂದಿನದೆಲ್ಲ ತಪ್ಪು.

ಉಕ್ಕಿಗೆ ಶೇಕಡಾವಾರು ಲೆಕ್ಕ ಇಲ್ಲ, ನೂರಕ್ಕೆ ನೂರು. ಕರಗಿಸುವುದರಿಂದ ಹಿಡಿದು ಕೊನೆಯ ಲೇಪ ಹಚ್ಚುವವರೆಗೆ ಎಲ್ಲ ಹಂತವೂ ಅಮೆರಿಕದ ನೆಲದಲ್ಲೇ ಆಗಿರಬೇಕು. ಹೊರಗಿನಿಂದ ಉಕ್ಕಿನ ಗಟ್ಟಿ ತರಿಸಿ ಅಮೆರಿಕದಲ್ಲಿ ಸರಳು ಎಳೆದರೆ ಆಗಲಿಲ್ಲ. ಅಮೆರಿಕದ ಉಕ್ಕನ್ನೇ ಗಡಿ ದಾಟಿಸಿ ಸತುವಿನ ಲೇಪ ಮಾಡಿಸಿಕೊಂಡು ಬಂದರೂ ಆಗಲಿಲ್ಲ. ಪಕ್ಕದ ಕೆನಡಾದ್ದು ಕೂಡ ಇಲ್ಲಿ ವಿದೇಶಿಯೇ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕಾಂಕ್ರೀಟ್ ಹಾಸುಗಳ ಸಂದಿಯಲ್ಲಿ ಕೂರಿಸುವ ಉಕ್ಕಿನ ಸರಳು, ಅಂದರೆ ಡೋವೆಲ್ ಬಾರ್‌ಗಳ ಲಾರಿ ಬಂದು ನಿಂತಿತ್ತು. ಜೊತೆಗೆ ಬಂದ, ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟ್‌ನಲ್ಲಿ ಹೀಟ್ ನಂಬರ್, ಅಂದರೆ ಒಂದು ಸಲ ಕರಗಿಸಿದ ಉಕ್ಕಿಗೆ ಕೊಡುವ ಗುರುತಿನ ಸಂಖ್ಯೆ ಇತ್ತು, ರಾಸಾಯನಿಕ ಪರೀಕ್ಷೆಯ ಅಂಕಿಗಳಿದ್ದವು, ಕೆಳಗೆ ‘ಅಮೆರಿಕದಲ್ಲಿ ತಯಾರಿಸಿದ್ದು’ ಅಂತಲೂ ಇತ್ತು. ‘ಕರಗಿಸಿ ತಯಾರಿಸಿದ್ದು’ ಅಂತ ಇರಲಿಲ್ಲ. ಆ ಒಂದು ಪದ ಇಲ್ಲದ್ದಕ್ಕೆ ಲಾರಿ ವಾಪಸ್ ಹೋಯಿತು, ಕಾಂಕ್ರೀಟ್ ಸುರಿಯುವ ಹುಡುಗರು ನನ್ನ ಮುಖವನ್ನೇ ನೋಡುತ್ತಾ ನಿಂತರು. ಆವತ್ತಿನಿಂದ ಆರ್ಡರ್ ಕೊಡುವ ಮೊದಲೇ ಮಾದರಿ ಸರ್ಟಿಫಿಕೇಟ್ ತರಿಸಿ, ಆ ಪದ ಇದೆಯಾ ಅಂತ ಬೆರಳಿಟ್ಟು ನೋಡುತ್ತೇನೆ.

ಎರಡನೆಯದು ತಯಾರಾದ ಸಾಮಾನು: ರನ್‌ವೇ ದೀಪ, ಟ್ರಾನ್ಸ್‌ಫಾರ್ಮರ್, ಹಿಮ ತೆಗೆಯುವ ಯಂತ್ರ, ಅಗ್ನಿಶಾಮಕ ವಾಹನ. ಇವುಗಳಿಗೆ ಶೇಕಡಾವಾರು ಲೆಕ್ಕ ಇದೆ, ಕೆಳಗೆ ಹೇಳುತ್ತೇನೆ. ಮೂರನೆಯದು 2021ರ ಕಾನೂನು ತಂದ ಕಟ್ಟಡ ಸಾಮಗ್ರಿ ಪಟ್ಟಿ: ಗಾಜು, ಪ್ಲಾಸ್ಟಿಕ್ ಪೈಪು, ತಾಮ್ರ ಅಲ್ಯೂಮಿನಿಯಂನಂಥ ಕಬ್ಬಿಣವಲ್ಲದ ಲೋಹ, ಮರ, ಡ್ರೈವಾಲ್ ಎಂಬ ಜಿಪ್ಸಂ ಹಲಗೆ, ಆಪ್ಟಿಕಲ್ ಫೈಬರ್ ಕೇಬಲ್. ಸಿಮೆಂಟು, ಮರಳು, ಜಲ್ಲಿಯನ್ನು ಆ ಕಾನೂನೇ ಪಟ್ಟಿಯಿಂದ ಹೊರಗಿಟ್ಟಿದೆ. ಮೈಲಿಗಟ್ಟಲೆ ರನ್‌ವೇಯಲ್ಲಿ ಜಾಸ್ತಿ ತೂಕ ಇರುವುದು ಜಲ್ಲಿಯದ್ದೇ, ಆದರೆ ನಮ್ಮ ತಲೆನೋವೆಲ್ಲ ಅದರೊಳಗಿನ ಸರಳು ಮತ್ತು ಅಂಚಿನ ದೀಪದ್ದು!

ಶೇ 60ರ ಲೆಕ್ಕ

ಕಾನೂನಿನಲ್ಲಿ ವಿನಾಯಿತಿಗೆ ನಾಲ್ಕು ಬಾಗಿಲು ಇವೆ. ಜನ ಜಾಸ್ತಿ ತಟ್ಟುವುದು ಮೂರನೆಯದನ್ನು. ಬಿಡಿಭಾಗ, ಉಪಭಾಗಗಳ ವೆಚ್ಚದಲ್ಲಿ ಶೇ 60ಕ್ಕಿಂತ ಹೆಚ್ಚು ಅಮೆರಿಕದ್ದಾಗಿರಬೇಕು, ಕೊನೆಯ ಜೋಡಣೆಯೂ ಅಲ್ಲೇ ಆಗಿರಬೇಕು. ಎರಡೂ ಬೇಕು, ಒಂದಿದ್ದರೆ ಸಾಲದು.

ಒಂದು ಉದಾಹರಣೆ ಹಾಕೋಣ. ರನ್‌ವೇ ದೀಪಗಳಿಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಇಡುವ ರೆಗ್ಯುಲೇಟರ್ ಇದೆ ಅಂದುಕೊಳ್ಳಿ. ಬಿಡಿಭಾಗಗಳ ಒಟ್ಟು ವೆಚ್ಚ 10,000 ಡಾಲರ್. ಒಳಗಿನ ಟ್ರಾನ್ಸ್‌ಫಾರ್ಮರ್ 4,000, ಅಮೆರಿಕದ್ದು. ತಗಡಿನ ಪೆಟ್ಟಿಗೆ 1,500, ಹೊರಗಿನದು. ಕಂಟ್ರೋಲ್ ಬೋರ್ಡ್ 3,000, ಅದೂ ಹೊರಗಿನದು. ವೈರು, ಕನೆಕ್ಟರ್ 1,000, ಅಮೆರಿಕದ್ದು. ಮೀಟರ್ 500, ಹೊರಗಿನದು. ಅಮೆರಿಕದ ಪಾಲು 5,000, ಅಂದರೆ ಶೇ 50. ಫೇಲು.

ಈಗ ಕಾರ್ಖಾನೆಯವರು ಮಾಡುವ ಜಾಣತನ ನೋಡಿ. ‘ನಮ್ಮಲ್ಲಿ ಜೋಡಿಸುವ ಕೂಲಿಯೇ 3,000 ಆಗುತ್ತೆ ಸಾರ್’ ಅಂತ ಅದನ್ನೂ ಸೇರಿಸುತ್ತಾರೆ. 13,000ಕ್ಕೆ 8,000, ಶೇ 61.5, ಪಾಸು! ಆದರೆ ಕೊನೆಯ ಜೋಡಣೆಯ ಕೂಲಿಯನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಕಾನೂನೇ ಬರೆದಿದೆ. ಬಿಡಿಭಾಗಗಳ ವೆಚ್ಚ ಬರೆಯುವ ಎಫ್‌ಎಎ ನಮೂನೆಯ ಹಾಳೆಯನ್ನು ಅವರು ತುಂಬಿ ಕಳಿಸಿದಾಗ ನಾನು ಮೊದಲು ಹುಡುಕುವುದು ಈ ಕೂಲಿ ಎಲ್ಲಿ ಅಡಗಿ ಕೂತಿದೆ ಅಂತ. ಸರಿಪಡಿಸುವ ದಾರಿ ಬೇರೆ: ಪೆಟ್ಟಿಗೆಯನ್ನು ಅದೇ ಬೆಲೆಗೆ ಅಮೆರಿಕದ ತಯಾರಕರಿಂದ ತಂದರೆ ಪಾಲು 6,500, ಶೇ 65. ಇನ್ನು ಕೊನೆಯ ಜೋಡಣೆ ಅಂದರೆ ಬಿಡಿಭಾಗ ಸೇರಿ ಹೊಸ ವಸ್ತುವೇ ಆಗಬೇಕು. ಹೊರಗಿಂದ ಬಂದ ಮೆಷಿನ್‌ಗೆ ಸುಮ್ನೆ ಬಣ್ಣ ಬಳಿದು ಸ್ಟಿಕ್ಕರ್ ಅಂಟಿಸಿದರೆ ಅದು ಜೋಡಣೆ ಅಲ್ಲ.

ಈ ಎಲ್ಲ ಕಷ್ಟ ಪಡುವ ಮೊದಲು ಒಂದು ಕೆಲಸ ಮಾಡಿ, ಎಫ್‌ಎಎ ಜಾಲತಾಣದಲ್ಲಿ ರಾಷ್ಟ್ರವ್ಯಾಪಿ ವಿನಾಯಿತಿ ಪಟ್ಟಿ ಇದೆ, ಅಲ್ಲಿ ನಿಮ್ಮ ಸಾಮಾನಿನ ತಯಾರಕರ ಹೆಸರು, ಮಾಡೆಲ್ ನಂಬರ್ ಸಮೇತ ಇದ್ದರೆ ಪ್ರತಿ ಕೆಲಸಕ್ಕೂ ಬೇರೆ ಅರ್ಜಿ ಬೇಡ. ಮಾಡೆಲ್ ನಂಬರ್‌ನ ಒಂದೊಂದು ಅಕ್ಷರವೂ ತಾಳೆಯಾಗಬೇಕು, ಅಷ್ಟೇ.

ಉಳಿದ ಮೂರು ಬಾಗಿಲು

ಒಂದನೆಯದು ಸಾರ್ವಜನಿಕ ಹಿತ. ಅದನ್ನು ನಂಬಿಕೊಂಡು ಟೆಂಡರ್ ಹಾಕಬೇಡಿ. ಎರಡನೆಯದು, ಸಾಮಾನು ಅಮೆರಿಕದಲ್ಲಿ ಸಾಕಷ್ಟು ಪ್ರಮಾಣದಲ್ಲೋ ಒಪ್ಪುವ ಗುಣಮಟ್ಟದಲ್ಲೋ ಸಿಗುವುದಿಲ್ಲ ಎನ್ನುವುದು. ಯಾರನ್ನೆಲ್ಲ ಕೇಳಿದಿರಿ, ಅವರು ಏನೆಂದರು ಎಂಬ ಪತ್ರವ್ಯವಹಾರ ಇಲ್ಲದೆ ಈ ಮಾತು ನಿಲ್ಲುವುದಿಲ್ಲ. ಇದನ್ನು ಏರ್‌ಪೋರ್ಟ್‌ನವರು ಟೆಂಡರ್ ಕರೆಯುವ ಮೊದಲೇ ವಿಚಾರಿಸಿ ಇಟ್ಟುಕೊಂಡರೆ ಎಲ್ಲರಿಗೂ ನೆಮ್ಮದಿ.

ನಾಲ್ಕನೆಯದರಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. ‘ಅಮೆರಿಕದ್ದು ಶೇ 25ಕ್ಕಿಂತ ದುಬಾರಿ, ಹಾಗಾಗಿ ವಿನಾಯಿತಿ ಕೊಡಿ’ ಅಂತ ಬರೆಯುತ್ತಾರೆ. ಕಾನೂನು ಹೇಳುವುದು ಆ ಸಾಮಾನಿನ ಬೆಲೆಯ ಮಾತಲ್ಲ, ಇಡೀ ಯೋಜನೆಯ ವೆಚ್ಚ ಶೇ 25ಕ್ಕಿಂತ ಹೆಚ್ಚು ಏರಬೇಕು. 1 ಕೋಟಿ ಡಾಲರ್ ಕೆಲಸದಲ್ಲಿ 2 ಲಕ್ಷದ ಸಾಮಾನು 4 ಲಕ್ಷ ಆದರೆ ಏರಿದ್ದು ಶೇ 2 ಮಾತ್ರ. ಬೆಲೆ ದುಪ್ಪಟ್ಟಾದರೂ ಬಾಗಿಲು ತೆರೆಯಲಿಲ್ಲ, ಅಲ್ವಾ?

ಟಿಕ್ ಮಾಡುವ ಮುಂಚೆ

ಟೆಂಡರ್ ಜೊತೆ ಒಂದು ಪ್ರಮಾಣಪತ್ರ ಇರುತ್ತದೆ. ಅದನ್ನು ತುಂಬದಿದ್ದರೆ ಬಿಡ್ ಅಲ್ಲಿಗೇ ತಿರಸ್ಕಾರ. ಅದರಲ್ಲಿ ಎರಡು ದಾರಿ: ಎಲ್ಲವೂ ಅಮೆರಿಕದ್ದೇ ಹಾಕುತ್ತೇನೆ, ಇಲ್ಲವೇ ವಿನಾಯಿತಿ ಕೇಳುತ್ತೇನೆ. ಗಡಿಬಿಡಿಯಲ್ಲಿ ಮೊದಲನೆಯದಕ್ಕೆ ಟಿಕ್ ಹಾಕಿಬಿಡುವವರೇ ಜಾಸ್ತಿ, ಸುಲಭ ನೋಡಿ. ಎರಡನೆಯದಕ್ಕೆ ಹಾಕಿದರೆ, ಬಿಡ್ ಆಯ್ಕೆಯಾದ 15 ದಿನದೊಳಗೆ ಲೆಕ್ಕದ ಹಾಳೆ ಸಮೇತ ವಿಧಿವತ್ತಾದ ಅರ್ಜಿ ಏರ್‌ಪೋರ್ಟ್ ಮಾಲೀಕರ ಕೈ ಸೇರಬೇಕು. 15 ದಿನದಲ್ಲಿ ತಯಾರಕರ ಬಾಯಿಂದ ಬಿಡಿಭಾಗದ ಬೆಲೆ ಹೊರಡಿಸುವುದು ಸುಲಭವಲ್ಲ. ‘ಅದು ನಮ್ಮ ವ್ಯಾಪಾರದ ಗುಟ್ಟು’ ಅನ್ನುತ್ತಾರೆ. ಹಾಗಾಗಿ ಕೊಟೇಷನ್ ಕೇಳುವ ದಿನವೇ ಹಾಳೆಯನ್ನೂ ಕೇಳಿ.

2021ರ ಕಾನೂನಿನಡಿ ಕೊಡುವ ವಿನಾಯಿತಿಯಾದರೆ ಇನ್ನೂ ಸಮಯ ಹಿಡಿಯುತ್ತದೆ. ಕಾರಣವನ್ನು ಬರೆದು ಜಾಲತಾಣದಲ್ಲಿ ಹಾಕಿ, ಜನರ ಅಭಿಪ್ರಾಯಕ್ಕೆ ಕನಿಷ್ಠ 15 ದಿನ ಬಿಡಬೇಕು. ಅನುಮತಿ ಪತ್ರ ಕೈಗೆ ಬರುವ ತನಕ ಆ ಸಾಮಾನನ್ನು ಸೈಟ್‌ನಲ್ಲಿ ಕೂರಿಸಬೇಡಿ. ಸುಳ್ಳು ಬರೆದರೆ ಅದು ಕ್ರಿಮಿನಲ್ ಕೇಸ್ ಆಗಬಹುದು ಅಂತ ಪ್ರಮಾಣಪತ್ರದಲ್ಲೇ ಅಚ್ಚಾಗಿದೆ.

ಅರ್ಜಿ ತಿರಸ್ಕಾರವಾದರೆ? ಅಮೆರಿಕದ ಸಾಮಾನು ಒದಗಿಸುತ್ತೇನೆ ಅಂತ ಅದೇ ಪತ್ರದಲ್ಲಿ ನೀವು ಒಪ್ಪಿ ಸಹಿ ಹಾಕಿರುತ್ತೀರಿ. ಕಂಟ್ರಾಕ್ಟ್ ಆದಮೇಲೆ ಹೊಸದಾಗಿ ವಿನಾಯಿತಿ ಕೇಳುವುದಿಲ್ಲ ಅಂತಲೂ ಒಪ್ಪಿರುತ್ತೀರಿ, ಎಫ್‌ಎಎ ಒಪ್ಪುವಂಥ ಅಸಾಧಾರಣ ಪರಿಸ್ಥಿತಿ ಬಂದರೆ ಮಾತ್ರ ಬೇರೆ. ಆದ್ದರಿಂದ ಬಿಡ್‌ನಲ್ಲಿ ದರ ಬರೆಯುವಾಗಲೇ ವಿನಾಯಿತಿ ಬೇಕಾದ ಪ್ರತಿ ಸಾಮಾನಿಗೂ ಅಮೆರಿಕದ ಬದಲಿ ಸಾಮಾನಿನ ಕೊಟೇಷನ್ ಒಂದನ್ನು ತರಿಸಿ ಫೈಲಿನಲ್ಲಿ ಇಟ್ಟುಕೊಂಡಿರಿ.