ಹಾಲಿನ ಕವರಿನಿಂದ ಶುರುವಾದ ಪಾಠ

ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಕಡ್ಡಾಯ ಅಂತ ಹೈಕೋರ್ಟ್ ಹೇಳಿದ್ದು 2015ರ ಕೊನೆಯಲ್ಲಿ. ಆಗಿನಿಂದಲೂ ನಮ್ಮ ಮನೆಯಲ್ಲಿ ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡೈಪರ್, ಬ್ಯಾಂಡೇಜ್, ಚೀಲಕ್ಕೆ ಒಣ ಕಸ. ಇಷ್ಟನ್ನೂ ನಾನೊಬ್ಬಳೇ ಮಾಡುತ್ತಿದ್ದೆ. ಮಗನಿಗೆ ಹತ್ತು, ಮಗಳಿಗೆ ಆರು ತುಂಬಿದ ಮೇಲೆ, ಅವರೂ ಕಲಿಯಲಿ ಅನ್ನಿಸಿತು.

ಫ್ರಿಜ್ ಮೇಲೆ ಬಣ್ಣದ ಚಾರ್ಟ್ ಅಂಟಿಸಿದೆ. ಇಬ್ಬರೂ ಬಾಯಿಪಾಠ ಮಾಡಿದರು. ಬಿಸ್ಕತ್ತಿನ ಕವರ್ ಮಾತ್ರ ಹಸಿರು ಬುಟ್ಟಿಗೇ ಬೀಳುತ್ತಿತ್ತು. ವಾರಕ್ಕಿಷ್ಟು ಅಂತ ದುಡ್ಡು ಕೊಟ್ಟೂ ನೋಡಿದೆ. ದುಡ್ಡಿಲ್ಲದ ದಿನ ಕೆಲಸವೂ ಇಲ್ಲ. ನಿಲ್ಲಿಸಿಬಿಟ್ಟೆ.

ಒಂದು ಬೆಳಿಗ್ಗೆ ಮಗನನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದೆ. ಕಸದ ಆಟೋ ಅಕ್ಕ ನಮ್ಮ ಬುಟ್ಟಿ ಸುರಿದುಕೊಂಡು, ಸಾರನ್ನದೊಳಗೆ ಕೈ ಹಾಕಿ ಒಂದು ಚಾಕೊಲೇಟ್ ಕವರ್ ಎತ್ತಿ ಬೇರೆ ಇಟ್ಟರು. ಗ್ಲೌಸಿನ ಎರಡು ಬೆರಳು ಹರಿದಿತ್ತು. ಆ ಕವರ್ ಇವನದೇ. ಅಲ್ಲಿ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ ಕೇಳಿದ, “ಅಮ್ಮಾ, ಆ ಅಕ್ಕ ಎಲ್ಲರ ಮನೆ ಕಸಕ್ಕೂ ಹಂಗೇ ಕೈ ಹಾಕ್ತಾರಾ?” ಹೌದು ಅಂದೆ. ಮಾರನೇ ದಿನ ಚಾರ್ಟ್ ಕಿತ್ತುಹಾಕಿದೆ.

ಮಗಳಿಗೆ ಹಾಲಿನ ಕವರಿನ ಕೆಲಸ ಕೊಟ್ಟೆ. ಮೂಲೆಯನ್ನು ಪೂರ್ತಿ ಕತ್ತರಿಸಬಾರದು, ಅಂಟಿಕೊಂಡೇ ಇರಬೇಕು. ಆ ಚಿಕ್ಕ ಚೂರು ಬೇರೆಯಾದರೆ ಯಾರೂ ಆರಿಸಲಾರರು, ಅಲ್ವಾ? ಹಾಲು ಬಗ್ಗಿಸಿದ ಮೇಲೆ ಸ್ವಲ್ಪ ನೀರು ಹಾಕಿ ಕುಲುಕುತ್ತಾಳೆ. ಆ ನೀರು ಕರಿಬೇವಿನ ಗಿಡಕ್ಕೆ. ಆಮೇಲೆ ಕವರನ್ನು ತಲೆಕೆಳಗು ಮಾಡಿ ಹಗ್ಗಕ್ಕೆ ಕ್ಲಿಪ್. ನಮ್ಮ ಬೀದಿಗೆ ಒಣ ಕಸದ ಗಾಡಿ ಬರುವುದು ವಾರಕ್ಕೆ ಎರಡೇ ದಿನ. ತೊಳೆಯದೆ ಇಟ್ಟರೆ ಎರಡನೇ ದಿನಕ್ಕೇ ವಾಸನೆ, ಜಿರಲೆ.

ಮಗನದು ಹಸಿರು ಬುಟ್ಟಿ. ತಳಕ್ಕೆ ನ್ಯೂಸ್ ಪೇಪರ್ ಹಾಕುತ್ತಾನೆ, ಪ್ಲಾಸ್ಟಿಕ್ ಕವರ್ ಅಲ್ಲ. ಪಲ್ಯ, ಸಾರು ಮಿಕ್ಕಿದ್ದರೆ ನೀರು ಬಸಿದೇ ಹಾಕಬೇಕು. ಇಲ್ಲದಿದ್ದರೆ ಮೆಟ್ಟಿಲುದ್ದಕ್ಕೂ ಸೋರುತ್ತದೆ. ಒಡೆದ ಗಾಜು, ಬ್ಲೇಡು, ಕೆಂಪು ಬುಟ್ಟಿ ಮಕ್ಕಳು ಮುಟ್ಟುವ ಹಾಗಿಲ್ಲ. ಅದು ನನ್ನ ಕೆಲಸ. ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಅಕ್ಕನಿಗೆ ಹೇಳಿಯೇ ಕೊಡುತ್ತೇನೆ.

ತೆಂಗಿನ ಚಿಪ್ಪು ಎಲ್ಲಿಗೆ ಅಂತ ಜಗಳವಾಯಿತು. ನಮ್ಮತ್ತೆ ತೀರ್ಮಾನ ಮಾಡಿದರು: “ಎರಡಕ್ಕೂ ಬೇಡ. ಕೂಡಿಸಿಡಿ, ಊರಲ್ಲಿ ಹಂಡೆ ಒಲೆಗೆ ಬೇಕು.” ಅವರ ಕಾಲದಲ್ಲಿ ಎಲ್ಲಾ ಒಂದೇ ತಿಪ್ಪೆಗೆ ಹೋಗುತ್ತಿತ್ತಂತೆ. ಪ್ಲಾಸ್ಟಿಕ್ಕೇ ಇರಲಿಲ್ಲವಲ್ಲ, ಎಲ್ಲಾ ಗೊಬ್ಬರವಾಗುತ್ತಿತ್ತು.

ಇದೆಲ್ಲ ರೂಢಿಯಾಗಲು ಮೂರು ತಿಂಗಳು ಹಿಡಿಯಿತು. ನಡುವೆ ಮರೆತ ದಿನಗಳೂ ಜಾಸ್ತಿ. ಆಗ ಬೈಯಲಿಲ್ಲ, ಕರೆದು ಅವರ ಕೈಯಲ್ಲೇ ಎತ್ತಿಸಿದೆ.

ಈಗ ಬುಧವಾರ, ಶನಿವಾರ ಬೆಳಿಗ್ಗೆ ಮಗಳು ಸ್ಟೂಲ್ ಹತ್ತಿ ಕ್ಲಿಪ್ ಬಿಚ್ಚಿ ಕವರ್ ಎಣಿಸುತ್ತಾಳೆ. ಕಳೆದ ಶನಿವಾರ ಆರು ಹಾಲಿನದು, ಒಂದು ಮೊಸರಿನದು. ಚೀಲ ಹಿಡಿದು ಗೇಟಿಗೆ ಓಡಿದಳು. ಅಕ್ಕ ಒಂದು ಕವರ್ ತೆಗೆದು ಮೂಸಿ ನೋಡಿ, ಅವಳ ಗಲ್ಲ ಹಿಂಡಿದರು.