ಕಡಿಮೆ ಖರ್ಚಿನಲ್ಲಿ ಎರಡು ಫ್ಲಾಶ್: ಹೊರಗಡೆ ಶೂಟ್‌ಗೆ ಸೆಟಪ್ ಮಾಡೋದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಟಿಟಿಎಲ್ (ಲೆನ್ಸ್ ಮೂಲಕ ಬೆಳಕು ಅಳೆದು ಪವರ್ ತಾನೇ ಹೊಂದಿಸಿಕೊಳ್ಳೋದು) ಇರುವ ದುಬಾರಿ ಫ್ಲಾಶ್ ಬೇಕಾಗಿಲ್ಲ. ಸ್ಟ್ಯಾಂಡ್ ಮೇಲಿಟ್ಟ ಫ್ಲಾಶ್ ಎಲ್ಲಿಗೂ ಓಡಿಹೋಗುವುದಿಲ್ಲ, ಎದುರು ನಿಂತವರೂ ಜಾಸ್ತಿ ಅಲ್ಲಾಡುವುದಿಲ್ಲ, ಅಂದಮೇಲೆ ಪವರ್ ಒಮ್ಮೆ ಕೈಯಲ್ಲೇ ಸೆಟ್ ಮಾಡಿದರೆ ಆಯ್ತಲ್ವಾ? 1/1ರಿಂದ, ಅಂದರೆ ಪೂರ್ತಿ ಪವರಿನಿಂದ, 1/64ರವರೆಗಾದರೂ ಪವರ್ ಇಳಿಸಲು ಬರುವ ಮ್ಯಾನುವಲ್ ಫ್ಲಾಶ್ ಎರಡು ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಫಿಲ್ಮ್ ಕಾಲದ್ದು ಸಿಕ್ಕಿದರೆ ಮಾತ್ರ ಹುಷಾರು, ಕೆಲವುದರ ಟ್ರಿಗರ್ ವೋಲ್ಟೇಜ್, ಅಂದರೆ ಫ್ಲಾಶ್‌ನಿಂದ ಕ್ಯಾಮೆರಾ ಕಡೆ ಬರುವ ವೋಲ್ಟೇಜ್, 200 ದಾಟುತ್ತದೆ. ಅದನ್ನು ಈಗಿನ ಕ್ಯಾಮೆರಾದ ಹಾಟ್ ಶೂ (ತಲೆ ಮೇಲೆ ಫ್ಲಾಶ್ ಕೂರಿಸುವ ಜಾಗ) ಮೇಲೆ ಕೂರಿಸಿದರೆ ಕ್ಯಾಮೆರಾನೇ ಕೆಡಬಹುದು.

ಉಳಿದ ದುಡ್ಡನ್ನು ರೇಡಿಯೋ ಟ್ರಿಗರ್‌ಗೆ ಹಾಕಿ, ಕ್ಯಾಮೆರಾ ಕ್ಲಿಕ್ ಮಾಡಿದಾಗ ದೂರದ ಫ್ಲಾಶ್‌ನ್ನು ವೈರ್ ಇಲ್ಲದೆ ಹೊಡೆಸೋದು ಅದೇ. ಫ್ಲಾಶ್‌ನಲ್ಲೇ ಇರುವ ಆಪ್ಟಿಕಲ್ ಸ್ಲೇವ್ (ಇನ್ನೊಂದು ಫ್ಲಾಶ್‌ನ ಬೆಳಕು ಕಂಡು ತಾನೂ ಹೊಡೆಯೋದು) ಪುಕ್ಕಟೆ ನಿಜ, ರೂಮಿನೊಳಗೆ ಚೆನ್ನಾಗೇ ಕೆಲಸ ಮಾಡುತ್ತದೆ, ಆದರೆ ಬಿಸಿಲಲ್ಲಿ ಅಥವಾ ಕಂಬದ ಹಿಂದೆ ಇಟ್ಟರೆ ಕೈಕೊಡುತ್ತದೆ. ಆಮೇಲೆ ಎರಡು ಸ್ಟ್ಯಾಂಡ್, ಒಂದು ಬಿಳಿ ಛತ್ರಿ, ಅದನ್ನು ಹಿಡಿಯುವ ಬ್ರಾಕೆಟ್, ಎರಡು ಸೆಟ್ ರೀಚಾರ್ಜಬಲ್ ಸೆಲ್. ಅಷ್ಟೇ.

ಜಾಗಕ್ಕೆ ಹೋದಮೇಲೆ ಎರಡೂ ಫ್ಲಾಶ್ ಆಫ್ ಮಾಡಿ. ಶಟರ್ 1/200ಕ್ಕೆ ಇಡಿ, ಯಾಕಂದ್ರೆ ಸಿಂಕ್ ಸ್ಪೀಡ್ (ಫ್ಲಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) ದಾಟಿದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುತ್ತದೆ. ಹಿನ್ನೆಲೆ ಕಣ್ಣಿಗೆ ಕಾಣೋದಕ್ಕಿಂತ ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧ) ಕಪ್ಪಾಗುವವರೆಗೆ ಅಪರ್ಚರ್ ಮುಚ್ಚುತ್ತಾ ಬನ್ನಿ. ಈಗ ಮುಖವೂ ಕಪ್ಪಾಗಿದೆ. ಇರಲಿ.

ಮೊದಲ ಫ್ಲಾಶ್‌ನ್ನು ಛತ್ರಿಯೊಳಗಿಂದ ಹಾಯಿಸಿ, ಮುಖಕ್ಕೆ 45 ಡಿಗ್ರಿ ಪಕ್ಕದಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ, ಒಂದು ಮೀಟರ್ ದೂರದಲ್ಲಿಡಿ. 1/8ರಲ್ಲಿ ಒಂದು ಫೋಟೋ ತೆಗೆದು ಮೂಗಿನ ನೆರಳು ನೋಡಿ. ಅದು ತುಟಿಯ ಅಂಚಿಗೆ ಓರೆಯಾಗಿ ಇಳಿಯುತ್ತಿದ್ದರೆ ಸರಿ, ಕೆನ್ನೆಗೆ ಅಡ್ಡಡ್ಡ ಬಿದ್ದಿದ್ದರೆ ಸ್ಟ್ಯಾಂಡ್ ಎತ್ತರಿಸಿ. ಬೆಳಕು ಜಾಸ್ತಿಯಾದರೆ ಪವರ್ ಇಳಿಸಿ, ಶಟರ್ ಮುಟ್ಟಬೇಡಿ. ಶಟರ್‌ನಿಂದ ಬದಲಾಗೋದು ಹಿನ್ನೆಲೆ ಮಾತ್ರ, ಫ್ಲಾಶ್ ಬೆಳಕು ಅಲ್ಲ. ಇನ್ನೊಂದು ವಿಷಯ, ಸ್ಟ್ಯಾಂಡನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿಸಿದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಇದು ಸರಿಹೋದಮೇಲೆಯೇ ಎರಡನೆಯದು. ಅದನ್ನು ಮೊದಲನೆಯದರ ಎದುರು ದಿಕ್ಕಿನಲ್ಲಿ, ನಿಂತವರ ಬೆನ್ನ ಹಿಂದೆ, ಛತ್ರಿ ಇಲ್ಲದೆ, 1/16ರಲ್ಲಿ ಇಡಿ. ಕೂದಲ ಅಂಚಿನಲ್ಲಿ ಒಂದು ತೆಳು ಗೆರೆ ಹೊಳೆದರೆ ಸಾಕು. ಬೆಳಕು ಲೆನ್ಸ್‌ಗೇ ಹೊಡೆದು ಫೋಟೋ ಮಂಕಾದರೆ ಫ್ಲಾಶ್‌ನ ಪಕ್ಕಕ್ಕೆ ಒಂದು ರಟ್ಟಿನ ತುಂಡು ಅಂಟಿಸಿ.

ಮಟಮಟ ಮಧ್ಯಾಹ್ನದ ಬಿಸಿಲಿನ ಜೊತೆ ಸಣ್ಣ ಫ್ಲಾಶ್ ಗುದ್ದಾಡೋದು ಸುಮ್ನೆ ದಂಡ. ನೆರಳಿಗೆ ಹೋಗಿ, ಇಲ್ಲವಾದರೆ ಸೂರ್ಯನಿಗೆ ಬೆನ್ನು ಮಾಡಿಸಿ ನಿಲ್ಲಿಸಿ. ಹಿಂದಿನ ಲೈಟು ಪುಕ್ಕಟೆ ಸಿಕ್ಕಿತು, ಇರುವ ಎರಡೂ ಫ್ಲಾಶ್‌ನ್ನು ಒಟ್ಟಿಗೆ ಮುಖದ ಕಡೆಗೇ ತಿರುಗಿಸಬಹುದು.

ಸ್ಟ್ಯಾಂಡ್ ಕಾಲಿಗೆ ಕ್ಯಾಮೆರಾ ಬ್ಯಾಗೋ ನೀರಿನ ಬಾಟಲಿಯೋ ಕಟ್ಟಲು ಮರೆಯಬೇಡಿ. ಛತ್ರಿಗೆ ಒಂದು ಬೀಸು ಗಾಳಿ ಸಾಕು. ನನ್ನ ಮೊದಲ ಫ್ಲಾಶ್‌ನ ಕತ್ತು ಮುರಿದದ್ದು ಹಾಗೇ, ಈಗ ಅದು ಟೇಪ್ ಸುತ್ತಿಸಿಕೊಂಡು ಹಿಂದಿನ ಲೈಟಾಗಿ ದುಡಿಯುತ್ತಿದೆ.